ಅಟ್ಟದ ಮೇಲಿನ ಗಾಳಿಕೋವಿಯೂ ಅದರ ಮೇಲಿನ ಕೆತ್ತನೆಯೂ

(ಬ್ಲಾಕಿನ ಯುವಕ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಗೊಬ್ಬರ, ಬೀಜ, ಹೈನುಗಾರಿಕೆ ಇವುಗಳ ಮೇಲೆ ಮಾತು ಕೇಳಿ ರೂಢಿಯಾಗಿರುವ ನಿಮಗೆ ಇಂದಿನ ವಿಷಯ ವಿಚಿತ್ರವೆಂದು ತೋರಬಹುದು. ಹಳೆಯ ಗಾಳಿಕೋವಿಗಳನ್ನು, ಅಂದರೆ ನಾವು ಏರ್‌ಗನ್ ಎಂದು ಕರೆಯುವ ವಸ್ತುವನ್ನು, ಅದರ ಮೇಲಿನ ಕೆತ್ತನೆಗಾಗಿ ಸಂಗ್ರಹಿಸುವ ಜನರು ಲೋಕದಲ್ಲಿದ್ದಾರೆ. ಅವರಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಹಾನವಮಿ ಹತ್ತಿರ ಬಂದಿದೆ. ಆಯುಧಪೂಜೆಯ ಹಿಂದಿನ ದಿನ ಅಟ್ಟದ ಮೇಲಿನ ಕತ್ತಿ, ಕುಡುಗೋಲು, ಗುದ್ದಲಿಗಳೊಡನೆ ತಾತನ ಕಾಲದ ಕೋವಿಯೂ ಕೆಳಗಿಳಿಯುತ್ತದೆ. ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ, ಸಾಲದಿದ್ದರೆ ಉಪ್ಪುಕಾಗದ ತಂದು ಅದನ್ನು ಥಳಥಳ ಹೊಳೆಯುವಂತೆ ತಿಕ್ಕುತ್ತಾರೆ. ಹೀಗೆ ಹತ್ತು ವರ್ಷ ತಿಕ್ಕಿದರೆ ಕೋವಿ ಯಾರು ಮಾಡಿದ್ದು, ಯಾವ ಊರಿನದು, ಯಾವ ಕಾಲದ್ದು ಎಂದು ಹೇಳುವ ಅಕ್ಷರಗಳೆಲ್ಲ ಅಳಿಸಿಹೋಗಿ ಗುಜರಿಯವನಿಗೆ ತೂಕಕ್ಕೆ ಕೊಡುವ ಕಬ್ಬಿಣ ಮಾತ್ರ ಉಳಿಯುತ್ತದೆ. ಹಬ್ಬಕ್ಕೆ ಮೊದಲೇ ಈ ಮಾತು ಆಡಬೇಕೆಂದು ಬಂದಿದ್ದೇನೆ.

ಗಾಳಿಕೋವಿ ನಿಮಗೆ ಹೊಸದಲ್ಲ. ಜಾತ್ರೆಯಲ್ಲಿ ಹಲಗೆಗೆ ಬಲೂನು ಕಟ್ಟಿ ಹೊಡೆಸುವ ಅಂಗಡಿಯಲ್ಲಿ ಅದನ್ನು ಎಲ್ಲರೂ ಹಿಡಿದಿದ್ದೀರಿ. ಅದರ ತತ್ತ್ವವೂ ಹೊಸದಲ್ಲ. ಮಲೆನಾಡಿನ ಹುಡುಗರು ಸಣ್ಣ ಬಿದಿರಿನ ಕೊಳವೆಯ ಎರಡು ತುದಿಗೂ ಹಸಿ ಕಾಯಿ ತುರುಕಿ, ಹಿಂದಿನಿಂದ ಕಡ್ಡಿಯಿಂದ ನೂಕುತ್ತಾರೆ. ನಡುವೆ ಸಿಕ್ಕಿಬಿದ್ದ ಗಾಳಿ ಒತ್ತಡ ತಾಳದೆ ಮುಂದಿನ ಕಾಯಿಯನ್ನು ‘ಪಟ್’ ಎಂದು ಹಾರಿಸುತ್ತದೆ. ಅದನ್ನು ಕೆಲವು ಕಡೆ ಪೆಟ್ಲು ಎನ್ನುವರು. ಗಾಳಿಕೋವಿಯೆಂದರೆ ಇಷ್ಟೇ. ಮದ್ದಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ಒತ್ತಿ ಹಿಡಿದ ಗಾಳಿಯೇ ಗುಂಡನ್ನು ತಳ್ಳುವುದು. ಗಾಳಿಯನ್ನು ಹೇಗೆ ಒತ್ತಿ ಹಿಡಿಯುವುದು ಎಂಬುದರಲ್ಲಿ ಮಾತ್ರ ಬಗೆಬಗೆ. ಕಮ್ಮಾರನ ತಿದಿಯಂತಹದನ್ನೇ ಕೋವಿಯ ಹಿಂಬದಿಯ ಮರದೊಳಗೆ ಅಡಗಿಸಿದ್ದು ಮೊದಲನೆಯ ಬಗೆ. ಸ್ವೀಡನ್ ದೇಶದ ಸ್ಟಾಕ್‌ಹೋಮಿನ ಅರಮನೆಯ ಆಯುಧ ಸಂಗ್ರಹಾಲಯದಲ್ಲಿ ಸುಮಾರು 1580ರ ಇಂಥದೊಂದು ಕೋವಿ ಇದೆ. ಉಳಿದುಬಂದಿರುವ ಗಾಳಿಕೋವಿಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಲೋಹದ ಗಡಿಗೆಯಲ್ಲಿ ಪಂಪಿನಿಂದ ಗಾಳಿ ತುಂಬಿಡುವುದು ಎರಡನೆಯ ಬಗೆ. ಬೆನ್ನಿಗೆ ಹಾಕಿಕೊಂಡು ಬೆಳೆಗೆ ಔಷಧಿ ಹೊಡೆಯುವ ಪಂಪನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮೂರನೆಯದು ಸ್ಪ್ರಿಂಗಿನದು, ಜಾತ್ರೆಯಲ್ಲಿ ಕಾಣುವಂಥದು: ನಳಿಗೆಯನ್ನೋ ಸನ್ನೆಯನ್ನೋ ಬಗ್ಗಿಸಿದರೆ ಸ್ಪ್ರಿಂಗು ಒತ್ತಿಕೊಳ್ಳುತ್ತದೆ, ಕುದುರೆ ಎಳೆದರೆ ಬಿಚ್ಚಿಕೊಂಡು ಗಾಳಿಯನ್ನು ನೂಕುತ್ತದೆ.

ಎರಡನೆಯ ಬಗೆಯಲ್ಲಿ ಹೆಸರಾದದ್ದು ಟೈರೋಲ್ ಸೀಮೆಯ ಜಿರಾಂಡೋನಿ ಎಂಬ ಕುಶಲಕರ್ಮಿ 1779-80ರ ಸುಮಾರಿಗೆ ಮಾಡಿದ ಕೋವಿ. ಆಸ್ಟ್ರಿಯಾದ ಸೈನ್ಯ ಅದನ್ನು 1780ರಿಂದ ಸುಮಾರು 1815ರವರೆಗೆ ಇಟ್ಟುಕೊಂಡಿತ್ತು. ಸುಮಾರು 20 ಗುಂಡುಗಳನ್ನು ಒಂದೇ ಸಲ ತುಂಬಿಕೊಂಡು ಒಂದರ ಹಿಂದೊಂದು ಹೊಡೆಯಬಹುದಾಗಿತ್ತು. ಉಳಿದ ಸೈನಿಕರು ಒಂದು ಗುಂಡು ಹೊಡೆದು ಮತ್ತೆ ಮದ್ದು ಜಡಿಯುತ್ತಿದ್ದ ಕಾಲವದು. ಕೋವಿಯ ಹಿಂಬದಿಯೇ ಗಾಳಿಯ ಗಡಿಗೆ. ಅದನ್ನು ತಿರುಗಿಸಿ ಬಿಚ್ಚಿ ಪಂಪಿಗೆ ಹಚ್ಚಿ ಸುಮಾರು 1500 ಸಲ ಒತ್ತಬೇಕು. ಅಷ್ಟು ಹೊತ್ತಿನಲ್ಲಿ ನಮ್ಮವರು ಗದ್ದೆಯೊಂದಕ್ಕೆ ಔಷಧಿ ಹೊಡೆದು ಮುಗಿಸಿ ಮನೆಗೆ ಬಂದಿರುತ್ತಾರೆ! ಗಡಿಗೆಯನ್ನು ಮಾಡುವುದೂ ಕಷ್ಟ, ಗಾಳಿ ಸೋರದಂತೆ ನೋಡಿಕೊಳ್ಳುವುದೂ ಕಷ್ಟ. ಹೀಗಾಗಿ ಸೈನ್ಯ ಅದನ್ನು ಕೈಬಿಟ್ಟಿತು. ಅಮೆರಿಕದ ಪಶ್ಚಿಮದ ಕಾಡುಗಳನ್ನು 1804ರಿಂದ 1806ರವರೆಗೆ ದಾಟಿ ಬಂದ ಲೂಯಿಸ್ ಮತ್ತು ಕ್ಲಾರ್ಕ್ ಎಂಬವರ ತಂಡದ ಬಳಿಯೂ ಒಂದು ಗಾಳಿಕೋವಿ ಇತ್ತು. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳಿಗೆ ಅದನ್ನು ಹೊಡೆದು ತೋರಿಸಿದ್ದನ್ನು ಅವರು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಬೆಂಕಿಯಿಲ್ಲದೆ ಗುಂಡು ಹಾರಿದ್ದು ನೋಡುವವರಿಗೆ ಸೋಜಿಗವಾಗಿತ್ತು.

ಸೈನ್ಯದ ಕೋವಿಗೆ ಅಲಂಕಾರವಿಲ್ಲ. ಕೆತ್ತನೆ ಇರುವುದು ಶ್ರೀಮಂತರಿಗೆಂದು ಮಾಡಿದ ಕೋವಿಗಳಲ್ಲಿ. ವಿಯೆನ್ನಾ ನಗರದ ಕಾಂಟ್ರೀನರ್, ಲಂಡನ್ನಿನ ಸ್ಟಾಡನ್‌ಮಾಯರ್ ಮುಂತಾದವರು 1800ರ ಆಸುಪಾಸಿನಲ್ಲಿ ಇಂಥವನ್ನು ಮಾಡಿದರು. ಅದು ದುಬಾರಿ ವಸ್ತು. ಆದುದರಿಂದ ಕೊಂಡವನಿಗೆ ಅದು ಕಣ್ಣಿಗೂ ಚೆನ್ನಾಗಿರಬೇಕು. ಕುದುರೆಯ ಪಕ್ಕದ ಉಕ್ಕಿನ ತಟ್ಟೆಯ ಮೇಲೆ ಬಳ್ಳಿ, ಎಲೆ, ಓಡುವ ಜಿಂಕೆ, ಹಿಂದೆ ಬಿದ್ದ ನಾಯಿ. ನಳಿಗೆಯ ಮೇಲೆ ಮಾಡಿದವನ ಹೆಸರು, ಊರು. ಕೆಲವಕ್ಕೆ ಅಕ್ಷರದೊಳಗೆ ಚಿನ್ನ, ಬೆಳ್ಳಿ ತುಂಬಿರುತ್ತಾರೆ. ನಮ್ಮ ಅಕ್ಕಸಾಲಿಗರು ತಟ್ಟೆ ಬಟ್ಟಲ ಮೇಲೆ ಹೆಸರು ಕೊರೆಯುವಾಗ ಹಿಡಿಯುವ ಸಣ್ಣ ಉಳಿಯಂಥದೇ ಅವರದೂ. ಆದರೆ ಉಕ್ಕು ಹಿತ್ತಾಳೆಯಂತೆ ಸಡಿಲವಲ್ಲ. ಉಳಿ ಒಮ್ಮೆ ಜಾರಿದರೆ ಆ ಗೆರೆ ಹೋಗುವುದಿಲ್ಲ. ಎಷ್ಟೋ ಕೋವಿಗಳಲ್ಲಿ ಕೆತ್ತಿದವನ ಹೆಸರೇ ಇರುವುದಿಲ್ಲ, ಮಾರಿದ ಅಂಗಡಿಯವನ ಹೆಸರು ಮಾತ್ರ ಇರುತ್ತದೆ. ಜಿಂಕೆಯ ಕಣ್ಣನ್ನು ಒಂದೇ ಚುಕ್ಕೆಯಲ್ಲಿ ಜೀವಂತವಾಗಿ ಕೊರೆದವನು ಯಾರೋ ಗೊತ್ತಿಲ್ಲ. ಅಂಗಡಿಯವನು ದಪ್ಪ ಅಕ್ಷರದಲ್ಲಿ ಮೆರೆಯುತ್ತಾನೆ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಒಂದು ಸ್ವಾರಸ್ಯವಿದೆ. ಆ ಕಾಲದ ಅನೇಕ ಗಾಳಿಕೋವಿಗಳು ನೋಡಲು ಚಕಮಕಿ ಕಲ್ಲಿನ ಕೋವಿಯಂತೆಯೇ ಇರುತ್ತವೆ. ಕಲ್ಲು ಕಚ್ಚುವ ದವಡೆಯೂ ಇರುತ್ತದೆ. ಆದರೆ ನಳಿಗೆಯ ಬುಡದಲ್ಲಿ ಬೆಂಕಿ ಒಳಹೋಗುವ ತೂತು ಇರುವುದಿಲ್ಲ, ಮಸಿಯೂ ಇರುವುದಿಲ್ಲ. ಹಿಂಬದಿ ಮರದ ಬದಲು ಚರ್ಮ ಹೊದಿಸಿದ ಕಬ್ಬಿಣವಾಗಿದ್ದು, ತಿರುಗಿಸಿದರೆ ಬಿಚ್ಚುತ್ತದೆ. ಕೆಲವಕ್ಕೆ ನಳಿಗೆಯ ಕೆಳಗೆ ತೆಂಗಿನಕಾಯಿಯಂಥ ತಾಮ್ರದ ಗುಂಡು ತೂಗುತ್ತದೆ. ಅದೇ ಗಾಳಿಯ ಗಡಿಗೆ. ಇಂಗ್ಲೆಂಡಿನಲ್ಲಿ ಕಳೆದ ಶತಮಾನಕ್ಕೂ ಹಿಂದೆ, ಅಂದರೆ 1800ರ ನಂತರದ ದಶಕಗಳಲ್ಲಿ, ಊರುಗೋಲಿನ ರೂಪದ ಗಾಳಿಕೋವಿಗಳೂ ಬಳಕೆಯಲ್ಲಿದ್ದವು. ನೋಡಿದರೆ ಗೌರವಸ್ಥರ ಕೈಕೋಲು, ಒಳಗೆ ನಳಿಗೆ! ಲಂಡನ್ನಿನ ರೀಲಿ ಎಂಬ ಅಂಗಡಿ ಇವಕ್ಕೆ ಹೆಸರಾಗಿತ್ತು. ಹಳೆಯ ಕೋಲೊಂದು ಅಳತೆ ಮೀರಿ ಭಾರವಾಗಿದ್ದು, ನಡುವೆ ತಿರುಪು ಇದ್ದರೆ ಕೈಗೆ ತೆಗೆದುಕೊಳ್ಳುವಾಗ ಎಚ್ಚರವಿರಲಿ.

ಮೂರನೆಯ ಬಗೆಯ ಕಥೆ ರೈತರಿಗೆ ಹತ್ತಿರದ್ದು. ಅಮೆರಿಕದ ಮಿಶಿಗನ್ ಪ್ರಾಂತದ ಪ್ಲಿಮತ್ ಎಂಬ ಊರಿನಲ್ಲಿ 1882ರಲ್ಲಿ ಗಾಳಿಯಂತ್ರದ ಕಂಪನಿಯೊಂದು ಹುಟ್ಟಿತು. ಬಾವಿಯ ನೀರೆತ್ತಲು ರೈತರು ಹೊಲದಲ್ಲಿ ನಿಲ್ಲಿಸುವ ಕಬ್ಬಿಣದ ರೆಕ್ಕೆಯ ಯಂತ್ರ ಅದರ ಸರಕು. ವ್ಯಾಪಾರ ಕುಗ್ಗಿತ್ತು. ಕ್ಲಾರೆನ್ಸ್ ಹ್ಯಾಮಿಲ್ಟನ್ ಎಂಬಾತ ಸೀಸದ ಸಣ್ಣ ಗುಂಡು ಹಾರಿಸುವ ಲೋಹದ ಗಾಳಿಕೋವಿಯೊಂದನ್ನು ತಂದು ತೋರಿಸಿದ. ವ್ಯವಸ್ಥಾಪಕ ಹೊಡೆದು ನೋಡಿ ಮೆಚ್ಚಿದ ಮಾತಿನಲ್ಲಿ ಬಂದ ‘ಡೈಸಿ’ ಎಂಬ ಹೂವಿನ ಹೆಸರೇ ಕೋವಿಗೆ ನಿಂತಿತು. 1888ರಿಂದ ಗಾಳಿಯಂತ್ರ ಕೊಂಡ ರೈತನಿಗೆ ಒಂದು ಕೋವಿ ಕೊಡುಗೆ. ಕೆಲವೇ ವರ್ಷಗಳಲ್ಲಿ ಜನ ಯಂತ್ರ ಬೇಡ, ಕೋವಿ ಕೊಡಿ ಎನ್ನತೊಡಗಿದರು. 1895ರಲ್ಲಿ ಕಂಪನಿಯ ಹೆಸರೇ ಡೈಸಿ ಎಂದು ಬದಲಾಯಿತು. ಎತ್ತು ಕೊಂಡವನಿಗೆ ಮೂಗುದಾರ ಕೊಡುತ್ತಾ ಕೊಡುತ್ತಾ ಕೊನೆಗೆ ಮೂಗುದಾರದ ಅಂಗಡಿಯೇ ಆದಂತೆ!

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಲಿಂಕನ್ ಜೆಫ್ರೀಸ್ ಎಂಬಾತ 1904ರಲ್ಲಿ ಪೇಟೆಂಟ್ ಪಡೆದ ಗಾಳಿಕೋವಿಯನ್ನು ಬಿ.ಎಸ್.ಎ. ಕಂಪನಿ ಮಾಡತೊಡಗಿತು. ಬಿ.ಎಸ್.ಎ. ಎಂಬ ಅಕ್ಷರಗಳನ್ನು ನೀವು ಸೈಕಲ್ಲಿನ ಮೇಲೆ ಓದಿದ್ದೀರಿ. ಅವುಗಳ ಮೂಲ ಅರ್ಥ ಬರ್ಮಿಂಗ್‌ಹ್ಯಾಮಿನ ಸಣ್ಣ ಆಯುಧಗಳು ಎಂದೇ. ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರ ಅವರ ಮುದ್ರೆ. ಜರ್ಮನಿಯ ರಾಸ್ಟಾಟ್ ಊರಿನಲ್ಲಿ 1890ರಲ್ಲಿ ಆರಂಭವಾದ ಕಂಪನಿಯ ಡಯಾನಾ ಕೋವಿಯ ಮುದ್ರೆ ಇನ್ನೂ ಚೆನ್ನ: ಬೇಟೆಯ ದೇವತೆ ಬಿಲ್ಲನ್ನು ಎಸೆದು ಗಾಳಿಕೋವಿಯನ್ನು ಎತ್ತಿ ಹಿಡಿದಿದ್ದಾಳೆ. ನಮ್ಮ ಕಡೆ ಹಳೆಯ ಮನೆಯಲ್ಲಿ ಗಾಳಿಕೋವಿ ಸಿಕ್ಕರೆ ಅದು ಈ ಮೂರನೆಯ ಬಗೆಯದಾಗಿರುವುದೇ ಹೆಚ್ಚು. ಇವುಗಳ ಮೇಲಿನ ಗುರುತು ಹೆಚ್ಚಾಗಿ ಯಂತ್ರದಿಂದ ಹಾಕಿದ್ದು, ಕೈಕೆತ್ತನೆಯಲ್ಲ. ಹಾಗೆಂದು ಅದು ಬೆಲೆಯಿಲ್ಲದ್ದಲ್ಲ. ಯಾವ ವರ್ಷದ ಮಾದರಿ ಎಂದು ತಿಳಿಯುವುದು ಆ ಗುರುತಿನಿಂದ, ಅಂಕಿಯಿಂದ.

ಕೈಕೆತ್ತನೆಯೋ ಯಂತ್ರದ್ದೋ ತಿಳಿಯುವುದು ಹೇಗೆ? ಭೂತಗನ್ನಡಿ ಹಿಡಿದು ನೋಡಿರಿ. ಉಳಿಯಿಂದ ಕೊರೆದ ಗೆರೆ ನೇಗಿಲಿನ ಸಾಲಿನಂತೆ ಕೆಳಗೆ ಚೂಪಾಗಿರುತ್ತದೆ. ನಡುವೆ ಆಳ, ಎರಡು ತುದಿಗೂ ಸಣ್ಣಗಾಗುತ್ತಾ ಹೋಗಿ ಮಾಯವಾಗುತ್ತದೆ. ಒಂದೇ ಅಕ್ಷರವನ್ನು ಎರಡು ಕಡೆ ನೋಡಿದರೆ ಕೂದಲಿನಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆಮ್ಲದಿಂದ ತಿನ್ನಿಸಿದ ಗೆರೆಯ ತಳ ಚಪ್ಪಟೆ ಮತ್ತು ಒರಟು. ಮುದ್ರೆಯೊತ್ತಿದ ಅಕ್ಷರದ ಅಂಚಿನಲ್ಲಿ ಲೋಹ ಬದುವಿನಂತೆ ಉಬ್ಬಿರುತ್ತದೆ. ಎರಕದಲ್ಲಿ ಬಂದದ್ದು ಮೊಂಡು ಮೊಂಡು. ಹಳೆಯ ಕೋವಿಗೆ ಹೊಸದಾಗಿ ದೊಡ್ಡ ಹೆಸರು ಕೊರೆದು ಮೋಸ ಮಾಡುವವರೂ ಇದ್ದಾರೆ. ತುಕ್ಕಿನ ಗುಳಿಯ ಮೇಲೆ ಹಾದುಹೋದ ಅಕ್ಷರ ಮಾತ್ರ ಹರಿತವಾಗಿ, ಒಳಗೆ ಬೆಳ್ಳಗೆ ಇದ್ದರೆ ಸಂಶಯಪಡಬೇಕು. ಗುಳಿ ಮೊದಲು, ಅಕ್ಷರ ಆಮೇಲೆ ಎಂದಾಯಿತಲ್ಲ!

ಈಗ ತಿಕ್ಕುವ ಮಾತಿಗೆ ಬರುತ್ತೇನೆ. ಕೆತ್ತನೆಯ ಸಣ್ಣ ಗೆರೆಯ ಆಳ ಕೂದಲಿನ ದಪ್ಪದಷ್ಟು. ಉಪ್ಪುಕಾಗದ ನಾಲ್ಕು ಸಲ ಆಡಿದರೆ ಅದು ಹೋಯಿತು. ಒಂದು ಮನೆಯಲ್ಲಿ ನಾನು ಕಂಡ ಕೋವಿಯ ಹಿತ್ತಾಳೆ ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಯ ಹಿರಿಯ ತಾಯಿ ಹೆಮ್ಮೆಯಿಂದಲೇ ತೋರಿಸಿದರು. ಓರೆಯಾಗಿ ಹಿಡಿದು ನೋಡಿದರೆ ನಾಯಿಯೊಂದರ ಹಿಂಗಾಲು ಮತ್ತು ಬಾಲ ಮಾತ್ರ ಉಳಿದಿದ್ದವು. ನಾಯಿ ಯಾವುದನ್ನು ಅಟ್ಟುತ್ತಿತ್ತೋ ಅದು ಇನ್ನೆಂದಿಗೂ ತಿಳಿಯದು. ಊರ ಮುಂದಿನ ವೀರಗಲ್ಲಿನ ಮೇಲೆ ಬಟ್ಟೆ ಒಗೆಯಬಾರದೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಶಾಸನದ ಕಲ್ಲನ್ನು ಮೆಟ್ಟಿಲಿಗೆ ಹಾಕಿದರೆ ಬೇಸರಪಡುತ್ತೇವೆ. ಲೋಹದ ಮೇಲಿನ ಬರಹಕ್ಕೂ ಅದೇ ನ್ಯಾಯ.

ಹುಣಸೆಹಣ್ಣಿನ ಹುಳಿ ಹಿತ್ತಾಳೆಯ ಮೇಲ್ಮೈಯನ್ನು ತಿನ್ನುತ್ತದೆ, ಉಕ್ಕಿಗೆ ತುಕ್ಕು ತರುತ್ತದೆ. ಹಸಿ ಅರಿಶಿನ ಕುಂಕುಮದ ಬೊಟ್ಟು ತೇವವನ್ನು ಹಿಡಿದಿಟ್ಟು ಅಲ್ಲಿಯೇ ಗುಳಿ ಬೀಳಿಸುತ್ತದೆ. ಪೂಜೆ ಬೇಡವೆನ್ನುವವನು ನಾನಲ್ಲ. ಕೋವಿಯನ್ನು ಮಣೆಯ ಮೇಲಿಟ್ಟು ಮಣೆಗೆ ಕುಂಕುಮ ಹಚ್ಚಿ, ಹೂವನ್ನು ಪಕ್ಕದಲ್ಲಿಡಿ. ಕೊಡಗಿನ ಮನೆಗಳಲ್ಲಿ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಯನ್ನು ಹೂವಿನಿಂದ ಸಿಂಗರಿಸುತ್ತಾರಲ್ಲ, ಆ ಹೂವನ್ನು ಮರದ ಭಾಗಕ್ಕೆ ಕಟ್ಟಿದರೂ ಆಗುತ್ತದೆ. ಶುಚಿಗೆ ಒಣ ಹತ್ತಿಬಟ್ಟೆ, ಮೆತ್ತಗಿನ ಬ್ರಷ್ ಸಾಕು. ಅನಂತರ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಬಟ್ಟೆಗೆ ತಾಕಿಸಿ ಲೋಹಕ್ಕೆ ಸವರಿ, ಹೆಚ್ಚಾದದ್ದನ್ನು ಒರಸಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬೇಡ. ಕಾಲಕ್ರಮದಲ್ಲಿ ಅವು ಅಂಟಾಗಿ ಧೂಳು ಹಿಡಿಯುತ್ತವೆ. ಕಂದುಬಣ್ಣದ ಗಟ್ಟಿ ಪದರ ಇದ್ದರೆ ಇರಲಿ. ಅದು ಕೋವಿಯ ವಯಸ್ಸು, ಕೊಳೆಯಲ್ಲ. ಕೈಗೆ ಕೆಂಪು ಪುಡಿ ಹತ್ತುವ ತುಕ್ಕು ಮಾತ್ರ ಕೆಟ್ಟದ್ದು. ಅದಕ್ಕೆ ಎಣ್ಣೆ ಹಾಕಿ ನಾಲ್ಕು ದಿನ ಬಿಟ್ಟು ಬಟ್ಟೆಯಿಂದ ಒರಸಬೇಕು. ಬಣ್ಣ, ವಾರ್ನಿಶ್ ಬಳಿಯಬೇಡಿ. ಹೊಸದಾಗಿ ನಿಕ್ಕಲ್ ಹಾಕಿಸಿ ಮಿಂಚಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಚರ್ಮದ ಚೀಲದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಸುತ್ತಿಟ್ಟರೆ ಒಳಗೇ ಬೆವರುತ್ತದೆ. ಒಣ ಹತ್ತಿಬಟ್ಟೆ ಒಳ್ಳೆಯದು. ಒಳಗಿನ ಚರ್ಮದ ವಾಷರ್ ಸವೆದಿದ್ದರೆ ಅದನ್ನು ಎಸೆಯಬೇಡಿ, ಲಕೋಟೆಯಲ್ಲಿ ಹಾಕಿ ಕೋವಿಯ ಜೊತೆಗೇ ಇಡಿ.

ಅಕ್ಷರ ಓದಲು ಬಾರದಿದ್ದರೆ ಸಂಜೆಯ ಬಿಸಿಲಿಗೆ ಓರೆಯಾಗಿ ಹಿಡಿಯಿರಿ, ಇಲ್ಲವೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಬಿಡಿ. ನೆರಳು ಬಿದ್ದು ಗೆರೆ ಎದ್ದು ಕಾಣುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಇದೇ ಸರಿಯಾದ ಬೆಳಕು. ತೆಳು ಕಾಗದವನ್ನು ಮೇಲಿಟ್ಟು ಪೆನ್ಸಿಲ್ಲನ್ನು ಹಗುರವಾಗಿ ಆಡಿಸಿದರೆ ಅಚ್ಚು ಬರುತ್ತದೆ. ಅದರ ಕೆಳಗೆ ಕೋವಿ ಮನೆಗೆ ಹೇಗೆ ಬಂತು, ಯಾರಿಂದ ಬಂತು ಎಂದು ಹಿರಿಯರಿಂದ ಕೇಳಿ ಬರೆದಿಡಿ. ಈ ಕಾಗದವಿಲ್ಲದ ಕೋವಿ ಪಹಣಿಯಿಲ್ಲದ ಜಮೀನಿನಂತೆ.

ಅಟ್ಟದ ವಸ್ತುವನ್ನು ಕಡೆಗಣಿಸಬಾರದೆಂಬುದಕ್ಕೆ ಗಾಳಿಕೋವಿಯದಲ್ಲದಿದ್ದರೂ ನಮ್ಮ ನಾಡಿನದೇ ಒಂದು ನಿದರ್ಶನವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟೀಪುವಿನ ಆಯುಧಶಾಲೆಯ ಕೋವಿ ಕತ್ತಿಗಳು ಇಂಗ್ಲೆಂಡಿಗೆ ಹೋದವು. ಹುಲಿಯ ಮುಖ, ಹುಲಿಯ ಪಟ್ಟೆಗಳ ಅಲಂಕಾರದಿಂದ ಅವನ್ನು ಗುರುತಿಸುತ್ತಾರೆ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಒಂದು ಮನೆಯ ಅಟ್ಟದಲ್ಲಿ ಅಂಥ ಬೆಳ್ಳಿ ಕಟ್ಟಿನ ಚಕಮಕಿ ಕೋವಿಯೊಂದು ಬೇರೆ ಆಯುಧಗಳೊಡನೆ ಸಿಕ್ಕಿತು. ಹರಾಜಿನಲ್ಲಿ ಅದೊಂದಕ್ಕೇ 60,000 ಪೌಂಡು ಬಂತು. ಯುದ್ಧದಲ್ಲಿ ತಿಂದ ಪೆಟ್ಟಿನ ಗುರುತು ಅದರ ಮೇಲಿದೆಯೆಂದು ಹರಾಜುದಾರರು ಹೆಮ್ಮೆಯಿಂದಲೇ ಹೇಳಿದ್ದರು. ಯಾರಾದರೂ ಆ ಪೆಟ್ಟನ್ನು ಅರದಿಂದ ಉಜ್ಜಿ ನಯಮಾಡಿದ್ದರೆ? ನಿಮ್ಮ ಅಟ್ಟದಲ್ಲಿಯೂ ಇಷ್ಟು ಹಣವಿದೆಯೆಂದು ನಾನು ಆಸೆ ತೋರಿಸುತ್ತಿಲ್ಲ. ಇರುವುದಿಲ್ಲ ಎಂಬುದೇ ಹೆಚ್ಚು ನಿಜ.

ಇನ್ನು ಅಪಾಯದ ಮಾತು. ಗಡಿಗೆಯಿರುವ ಹಳೆಯ ಕೋವಿಗೆ ಎಂದೂ ಗಾಳಿ ತುಂಬಬೇಡಿ. ಲಾರಿ ಟಯರಿಗಿಂತ ಅನೇಕ ಪಟ್ಟು ಒತ್ತಡಕ್ಕೆ ಮಾಡಿದ್ದು ಅದು. ಒಳಗೆ ತುಕ್ಕು ತಿಂದಿರುವುದು ಹೊರಗೆ ಕಾಣದು, ಒಡೆದರೆ ಬಾಂಬಿನಂತೆ. ಸ್ಪ್ರಿಂಗಿನ ಕೋವಿಯನ್ನು ಗುಂಡಿಲ್ಲದೆ ಸುಮ್ಮನೆ ಹೊಡೆದರೆ ಒಳಗಿನ ಭಾಗಗಳು ಜಖಂ ಆಗುತ್ತವೆ. ನಳಿಗೆ ಬಗ್ಗಿಸಿರುವಾಗ ಬೆರಳಿಟ್ಟರೆ ಬೆರಳೇ ಹೋಗುತ್ತದೆ. ಯಾವ ಕೋವಿಯನ್ನಾದರೂ ಗುಂಡು ತುಂಬಿದೆಯೆಂದೇ ಎಣಿಸಿ, ಮಕ್ಕಳಿಂದ ದೂರವಿಟ್ಟು ನೋಡಬೇಕು. ಗುಬ್ಬಿ, ಗಿಳಿ, ಕೊಕ್ಕರೆಗಳಿಗೆ ಗುರಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಆಂದೋಲನವೇ ನಡೆದು ಹಳ್ಳಿಯ ಜನ ಕಾಡಿನ ಹಕ್ಕಿಗಳಿಗಾಗಿ ಏರ್‌ಗನ್ನುಗಳನ್ನು ತಾವಾಗಿ ಒಪ್ಪಿಸಿದರು.

ಕಾನೂನಿನ ವಿಷಯ ಸ್ವಲ್ಪ ತೊಡಕು, ಗಮನವಿಟ್ಟು ಕೇಳಿ. 2016ರ ಆಯುಧ ನಿಯಮಗಳ ಪ್ರಕಾರ ಗಾಳಿಕೋವಿಯ ನಳಿಗೆಯ ರಂಧ್ರ 4.5 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ, ಅಥವಾ ಅದರ ಶಕ್ತಿ 20 ಜೂಲ್ ಮೀರಿದರೆ, ಲೈಸೆನ್ಸ್ ಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ 5.5 ಮಿಲಿಮೀಟರಿನವೂ ಇವೆ. ಪುರಾತನವಾಗಿದ್ದು, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ಆಯುಧಕ್ಕೆ 1959ರ ಆಯುಧ ಕಾಯಿದೆಯಲ್ಲಿ ವಿನಾಯಿತಿ ಇದೆ. ಆದರೆ ಯಾವುದು ಬಾರದ್ದು ಎಂಬುದನ್ನು ನೀವೇ ತೀರ್ಮಾನಿಸಬೇಡಿ. ಮದ್ದಿನ ಕೋವಿಯಾಗಲಿ ಗಾಳಿಕೋವಿಯಾಗಲಿ ಸಂಶಯವಿದ್ದರೆ ಠಾಣೆಯಲ್ಲಿ ವಿಚಾರಿಸಿರಿ. ಇನ್ನೊಂದು, 100 ವರ್ಷಕ್ಕೆ ಮೀರಿದ ಕಲಾವಸ್ತು 1972ರ ಪುರಾವಸ್ತು ಕಾಯಿದೆಯೊಳಗೆ ಬರುತ್ತದೆ. ಅಂಥದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ, ಲೈಸೆನ್ಸಿಲ್ಲದೆ ವ್ಯಾಪಾರವನ್ನೂ ಮಾಡುವಂತಿಲ್ಲ. ಮನೆ ಮನೆಗೆ ಬಂದು ಹಿತ್ತಾಳೆ ಹಂಡೆ, ಹಳೆಯ ಗಡಿಯಾರ, ಕೋವಿ ಕೇಳುವ ದಲ್ಲಾಳಿ ಬಂದಾಗ ಈ ಮಾತು ನೆನಪಿರಲಿ. ಅವನು ಅವಸರ ಮಾಡಿದಷ್ಟೂ ನೀವು ನಿಧಾನ ಮಾಡಿ. ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಚಿತ್ರ ಮತ್ತು ಪೆನ್ಸಿಲ್ ಅಚ್ಚಿನೊಡನೆ ಒಂದು ಕಾಗದ ಬರೆದು ಕೇಳಬಹುದು.

ಸಂಗ್ರಹಿಸಬೇಕೆಂಬ ಆಸೆ ಯಾರಿಗಾದರೂ ಹುಟ್ಟಿದ್ದರೆ ಹಣ ಹಾಕಿ ಕೊಳ್ಳಲು ಹೊರಡಬೇಡಿ. ಮೊದಲು ಅಚ್ಚುಗಳನ್ನು ಸಂಗ್ರಹಿಸಿ. ಯುವಕ ಸಂಘದವರು ಒಂದು ನೋಟುಬುಕ್ಕು ಇಟ್ಟು, ಊರಿನಲ್ಲಿರುವ ಹಳೆಯ ಕೋವಿ, ಕತ್ತಿ, ಅಡಕತ್ತರಿ, ಬೀಗ, ತಕ್ಕಡಿ ಇವುಗಳ ಮೇಲಿನ ಬರಹ ಚಿತ್ರಗಳ ಅಚ್ಚನ್ನು ಯಜಮಾನರ ಒಪ್ಪಿಗೆ ಪಡೆದು ತೆಗೆಯಲಿ. ವಸ್ತು ಅವರವರ ಮನೆಯಲ್ಲಿಯೇ ಇರಲಿ. ನನ್ನ ಬಳಿಯ ಭೂತಗನ್ನಡಿಯನ್ನೂ, ಉಳಿಯಿಂದ ಕೊರೆದ ಒಂದು ಮತ್ತು ಮುದ್ರೆಯೊತ್ತಿದ ಒಂದು ಹಿತ್ತಾಳೆ ತಟ್ಟೆಯನ್ನೂ ಆ ಮೇಜಿನ ಮೇಲೆ ಇಟ್ಟಿದ್ದೇನೆ. ಯಾವುದು ಯಾವುದೆಂದು ನಾನು ಹೇಳುವುದಿಲ್ಲ. ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ನೋಡಿ ಹೇಳಿ. ಕೈ ಒದ್ದೆಯಿದ್ದರೆ ಮೊದಲು ಒರಸಿಕೊಂಡು ಬನ್ನಿ.